ನೆಲ್ಡಾಳ ಮುಂದಿನ ಸೀಟು

ಹೋಯ್ಟ್‌ನ ಹಳೆಯ ದೋಣಿ ಪ್ರಾಣ ಬಿಟ್ಟದ್ದು ಊರೆಲ್ಲ ನೋಡುತ್ತಿದ್ದಾಗ. ಗಂಟರ್ಸ್‌ವಿಲ್ ಸರೋವರದ ಇಳಿಜಾರಿನಲ್ಲಿ ಅವತ್ತು ದೋಣಿ ಇಳಿಸುವವರ ಸಾಲು ರಸ್ತೆಯವರೆಗೂ ನಿಂತಿತ್ತು. ಹೋಯ್ಟ್ ಪಿಕಪ್ಪನ್ನು ಹಿಂದಕ್ಕೆ ಬಿಟ್ಟು, ಟ್ರೇಲರನ್ನು ನೀರಿಗಿಳಿಸಿ, ದೋಣಿ ಹತ್ತಿ, ಎಲ್ಲರಿಗೂ ಕೇಳಿಸಲಿ ಎಂದೇ ಎಂಜಿನ್ನನ್ನು ಒಂದು ಸಲ ಜೋರಾಗಿ ಗುರ್ರೆನಿಸಿದ. ಅಷ್ಟೇ. ಎಂಜಿನ್ ಹೊತ್ತುಕೊಂಡಿದ್ದ ಹಿಂಬದಿಯ ಹಲಗೆ ಮಜ್ಜಿಗೆಯಲ್ಲಿ ನೆನೆದ ಜೋಳದ ಬ್ರೆಡ್ಡಿನ ಹಾಗೆ ಕುಸಿಯಿತು. ಎಂಜಿನ್ ಮೆಲ್ಲಗೆ ಹಿಂದಕ್ಕೆ ವಾಲಿ ನೀರಿನಲ್ಲಿ ಮಲಗಿತು. ಸಾಲಿನಲ್ಲಿದ್ದವರು ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು, ಶವದ ಗಾಡಿ ಹೋಗುವಾಗ ಹಿಡಿಯುತ್ತಾರಲ್ಲ, ಹಾಗೆ. ನೆಲ್ಡಾ ಕಟ್ಟೆಯ ಮೇಲೆ ಹಗ್ಗ ಹಿಡಿದು ನಿಂತಿದ್ದಳು. ಗಂಡನ ಮಾನ ಹೋಗುವಾಗ ನಗಬಾರದೆಂದು ಕೆನ್ನೆಯನ್ನು ಒಳಗಿನಿಂದ ಹಲ್ಲಿನಲ್ಲಿ ಕಚ್ಚಿಕೊಂಡಳು.

ಆ ದೋಣಿ ಕೊಳ್ಳುವಾಗಲೇ ಅವಳು ಹೇಳಿದ್ದಳು, ಹಲಗೆ ತಟ್ಟಿ ನೋಡು ಅಂತ. ಕೇಳಬೇಕಲ್ಲ! ಹೋಯ್ಟ್‌ಗೆ ದೋಣಿ ಅಂದರೆ ಬಣ್ಣ. ಬಿಸಿಲಿಗೆ ಮಿಣಮಿಣ ಅನ್ನುವ ನೀಲಿ ಬಣ್ಣ ಕಂಡದ್ದೇ ತಡ, ಬಾಯಿ ಬಿಟ್ಟುಕೊಂಡು ನಿಂತವನು ಒಳಗೆ ಮರ ಇದೆಯೋ ಮಣ್ಣಿದೆಯೋ ನೋಡಲಿಲ್ಲ. ಒಳ್ಳೆಯ ಮನುಷ್ಯ, ಯಾರಿಗೂ ಕೇಡು ಬಗೆದವನಲ್ಲ, ಆದರೆ ಮಿಣುಗುವ ವಸ್ತು ಕಂಡರೆ ಕಾಗೆಗಿಂತ ಕಡೆ.

ಇನ್ನು ಆ ದೋಣಿಯಲ್ಲಿ ಯಾರು ಎಲ್ಲಿ ಕೂರುತ್ತಿದ್ದರು ಅನ್ನುವುದನ್ನು ಹೇಳದಿದ್ದರೆ ಈ ಕಥೆಗೆ ತಲೆಯೂ ಇಲ್ಲ ಬಾಲವೂ ಇಲ್ಲ. ಬ್ಯಾಸ್ ಮೀನು ಹಿಡಿಯುವ ದೋಣಿಯಲ್ಲಿ ಎರಡು ಸೀಟು. ಮುಂದಿನ ಸೀಟಿನವನ ಕಾಲ ಕೆಳಗೆ ಪೆಡಲ್ ಇರುತ್ತದೆ. ಮೂತಿಯಲ್ಲಿರುವ ಸದ್ದಿಲ್ಲದ ಪುಟ್ಟ ಮೋಟರನ್ನು ನಡೆಸುವುದು ಆ ಪೆಡಲ್. ದೋಣಿ ಎಲ್ಲಿಗೆ ಹೋಗಬೇಕು, ಎಷ್ಟು ಬೇಗ ಹೋಗಬೇಕು, ಎಲ್ಲ ಅವನದೇ ಕಾರುಬಾರು. ಯಾರೂ ಮುಟ್ಟದ ನೀರಿಗೆ ಮೊದಲು ಗಾಳ ಎಸೆಯುವವನೂ ಅವನೇ. ಹಿಂದಿನ ಸೀಟಿನವರಿಗೆ ಅವನು ಎಸೆದು, ಕೆದಕಿ, ಗದ್ದಲ ಎಬ್ಬಿಸಿ ಬಿಟ್ಟುಹೋದ ನೀರು. ಮದುವೆಯಾದಾಗಿನಿಂದ ನೆಲ್ಡಾ ಹಿಂದೆ, ಹೋಯ್ಟ್ ಮುಂದೆ. ಗಂಡನ ಮುಖಕ್ಕಿಂತ ಅವನ ಕತ್ತಿನ ಹಿಂಭಾಗ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಿಸಿಲಿಗೆ ಕೆಂಪಾಗಿ, ಮಡಿಕೆ ಬಿದ್ದು, ಟೋಪಿಯ ಪಟ್ಟಿಯ ಕೆಳಗೆ ಒಂದು ಹುಟ್ಟು ಮಚ್ಚೆ ಇರುವ ಕತ್ತು ಅದು. ಅವನಿಗೆ ಮೀನು ಬಿದ್ದಾಗ ಕೇಳದೆಯೇ ಎದ್ದು ಕೈಬಲೆ ಹಿಡಿಯುತ್ತಿದ್ದವಳೂ ಅವಳೇ.

ಆ ಸಂಜೆ ಅವರೆಕಾಳಿನ ಸಾರಿಗೆ ಬ್ರೆಡ್ಡು ಮುರಿದು ಹಾಕಿಕೊಳ್ಳುತ್ತ ನೆಲ್ಡಾ ಹೇಳಿದಳು, "ಹೊಸ ದೋಣಿ ನಾನು ತಗೋತೀನಿ. ಶಾಲೆ ಅಡುಗೆಮನೆ ಕೆಲಸ ಬಿಟ್ಟಾಗ ಬಂದ ದುಡ್ಡು ಹಾಗೇ ಇದೆ."

"ಅಯ್ಯೋ, ನನ್ನ ಚಿನ್ನ!" ಅಂದ ಹೋಯ್ಟ್. "ಹಳೇದಾದ್ರೂ ಪರವಾಗಿಲ್ಲ ಕಣೇ. ಡೆಲ್ಮರ್ ಸ್ಟೆಗಾಲ್ ಅವನ ಕೆಂಪು ದೋಣಿ ಮಾರ್ತಾನಂತೆ. ನೋಡಿದ್ದೀಯಾ ಅದರ ಮಿಂಚು?"

"ಮಿಂಚು ಹಾಗಿರ್ಲಿ. ಮುಂದಿನ ಸೀಟು ನಂದು."

ಹೋಯ್ಟ್ ನಕ್ಕ. ಅವಳು ನಗಲಿಲ್ಲ. ಅವನು ಇನ್ನೊಂದು ಸಲ ನಕ್ಕು ನೋಡಿದ, ಮೊದಲನೆಯ ಸಲ ಅವಳಿಗೆ ಕೇಳಿಸಲಿಲ್ಲವೇನೋ ಎಂದು. ಆಗಲೂ ಅವಳು ನಗದಿದ್ದಾಗ ಚಮಚ ಕೆಳಗಿಟ್ಟ.

"ನಿಂಗೆ ಪೆಡಲ್ ಮುಟ್ಟಿ ಗೊತ್ತಿಲ್ವಲ್ಲೇ."

"ಮುಟ್ಟೋಕೆ ಬಿಟ್ಟಿದ್ದು ಯಾವಾಗ?" ಎಂದಳು ನೆಲ್ಡಾ. ತಾನು ಇದನ್ನು ಇಷ್ಟೊಂದು ಬಯಸಿದ್ದೇನೆ ಅನ್ನುವುದು ಅವಳಿಗೂ ಆಗಲೇ ತಿಳಿದದ್ದು.

ಡೆಲ್ಮರ್ ಸ್ಟೆಗಾಲ್ ತನ್ನ ದೋಣಿಯನ್ನು ಮನೆ ಮುಂದಿನ ಪೀಕನ್ ಮರದ ಕೆಳಗೆ ತೊಳೆದು, ಒರೆಸಿ, ಮದುಮಗಳ ಹಾಗೆ ನಿಲ್ಲಿಸಿದ್ದ. ಹೋಯ್ಟ್ ಪಿಕಪ್ಪಿನಿಂದ ಇಳಿದವನೇ ನೇರವಾಗಿ ಹೋಗಿ ಮುಂದಿನ ಸೀಟಿನಲ್ಲಿ ಕೂತು ಪೆಡಲ್ ಮೇಲೆ ಕಾಲಿಟ್ಟ. ಡೆಲ್ಮರ್ ಚಪ್ಪಾಳೆ ತಟ್ಟಿದ.

"ಹೋಯ್ಟಣ್ಣ, ನಿನಗೆ ಅಂತಲೇ ಹೊಲಿದ ಹಾಗಿದೆ! ನೋಡು ನೆಲ್ಡಮ್ಮ, ನಿನ್ನ ಯಜಮಾನ ಎಷ್ಟು ಒಪ್ತಾನೆ!"

"ಏಳು," ಅಂದಳು ನೆಲ್ಡಾ.

ಹೋಯ್ಟ್ ಎದ್ದ. ಡೆಲ್ಮರ್ ಮಾತ್ರ ಅವನ ಕಡೆಗೇ ತಿರುಗಿ ಎಂಜಿನ್ನಿನ ಶಕ್ತಿ, ಹಿಡಿದ ಮೀನನ್ನು ಜೀವಂತ ಇಡುವ ತೊಟ್ಟಿಯ ಪಂಪು, ಬ್ಯಾಟರಿ ಅಂತ ಶುರು ಹಚ್ಚಿಕೊಂಡ. ಹೆಂಗಸಿಗೆ ಏನು ತಿಳಿಯುತ್ತದೆ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ಒರಟನೇನಲ್ಲ, ಆದರೆ ಅವಳ ಕೈಗೆ ಒಂದು ಲೋಟ ಸಿಹಿ ಟೀ ಕೊಟ್ಟು ಜಗಲಿಯ ತೂಗುಕುರ್ಚಿ ತೋರಿಸಿದ. ನೆಲ್ಡಾ ಲೋಟವನ್ನು ಮರದ ಬುಡದಲ್ಲಿಟ್ಟು ಚಪ್ಪಲಿ ಬಿಚ್ಚಿದಳು. ದೋಣಿ ಹತ್ತಿ, ಬರಿಗಾಲಲ್ಲಿ ಮೂತಿಯಿಂದ ಹಿಂಬದಿಯವರೆಗೆ ಹೆಜ್ಜೆ ಹೆಜ್ಜೆಗೂ ಹಿಮ್ಮಡಿ ಊರಿ ನಡೆದಳು. ಕೆಳಗಿನ ಮರ ಕೊಳೆತಿದ್ದರೆ ದೋಣಿಯ ನೆಲಕ್ಕೆ ಹಾಸಿದ ಕಂಬಳಿಯ ಮೇಲಿಂದಲೇ ಕಾಲಿಗೆ ತಿಳಿದುಬಿಡುತ್ತದೆ. ಎಲ್ಲ ಗಟ್ಟಿಯಾಗಿತ್ತು. ಜೊತೆಗೆ ತಂದಿದ್ದ ಸ್ಕ್ರೂಡ್ರೈವರಿನ ಹಿಡಿಯಿಂದ ಹಿಂಬದಿಯ ಹಲಗೆಯನ್ನು ಉದ್ದಕ್ಕೂ ತಟ್ಟಿದಳು. ಟಣ್ ಟಣ್. ಒಂದು ಕಡೆಯೂ ಟೊಳ್ಳು ಸದ್ದಿಲ್ಲ. ಕೊನೆಗೆ ಎಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಟ್ಟಳು, ಮಗುವಿಗೆ ಜ್ವರ ನೋಡುವವಳ ಹಾಗೆ.

"ಡೆಲ್ಮರ್, ಇದ್ಯಾಕೆ ಬಿಸಿ ಇದೆ?"

"ಬಿಸಿಲು, ನೆಲ್ಡಮ್ಮ."

"ಮರದ ಕೆಳಗೆ ನಿಲ್ಸಿದ್ದೀಯಲ್ಲೋ."

ಡೆಲ್ಮರ್ ಕೆಮ್ಮಿದ. ಹೋಯ್ಟ್ ಆಕಾಶ ನೋಡಿದ.

"ನಾವು ಬರೋಕ್ಮುಂಚೆ ಓಡಿಸಿ ಕಾಯಿಸಿಟ್ಟಿದ್ದೀಯ. ತಣ್ಣಗಿದ್ದಾಗ ಸ್ಟಾರ್ಟ್ ಆಗಲ್ಲ ಅಲ್ವಾ?" ಎಂದಳು ನೆಲ್ಡಾ, ನಗುನಗುತ್ತಲೇ. "ಪರವಾಗಿಲ್ಲ, ನಮಗೇನು ಅವಸರ? ತಣ್ಣಗಾಗಲಿ. ಟೀ ಇದೆಯಲ್ಲ."

ಹೀಗೆ ಮೂವರೂ ಜಗಲಿಯಲ್ಲಿ ಕೂತರು. ಡೆಲ್ಮರ್ ಬೇಯಿಸಿದ ಕಡಲೆಕಾಯಿ ತಂದಿಟ್ಟ. ಹವಾಮಾನದ ಮಾತಾಯಿತು, ಪಾದ್ರಿಯ ಮೊಣಕಾಲಿನ ಮಾತಾಯಿತು, ಡೆಲ್ಮರ್‌ನ ಭಾವಮೈದ ಟರ್ಕಿ ಬೇಟೆಗೆ ಹೋಗಿ ಸ್ವಂತ ಟೋಪಿಗೆ ಗುಂಡು ಹೊಡೆದುಕೊಂಡ ಕಥೆ ಎರಡು ಸಲ ಆಯಿತು. ಕಡಲೆಕಾಯಿ ಸಿಪ್ಪೆಯ ರಾಶಿ ಬೆಳೆಯಿತು. ನೆಲ್ಡಾ ನಡುನಡುವೆ ಎದ್ದು ಹೋಗಿ ಎಂಜಿನ್ ಮುಟ್ಟಿ ನೋಡಿ, "ಇನ್ನೂ ಬೆಚ್ಚಗಿದೆ," ಎಂದು ಬಂದು ಕೂರುತ್ತಿದ್ದಳು. ಪಾಪ, ಡೆಲ್ಮರ್‌ನ ಹತ್ತಿರ ಮಾತೇ ಮುಗಿದುಹೋಗಿತ್ತು. ಕೊನೆಗೆ ಅವನೇ ಕೈ ಎತ್ತಿದ.

"ಪೆಟ್ರೋಲ್ ಪೈಪು ಬಿರುಕು ಬಿಟ್ಟಿದೆ, ನೆಲ್ಡಮ್ಮ. ಗಾಳಿ ಎಳ್ಕೊಳ್ಳುತ್ತೆ. ಅದಕ್ಕೇ ಬೆಳಿಗ್ಗೆ ಹೊತ್ತು ಸತಾಯಿಸುತ್ತೆ. ದೇವರಾಣೆ, ಬೇರೆ ಏನೂ ಇಲ್ಲ."

"ಇದನ್ನ ಮೊದಲೇ ಹೇಳಿದ್ರೆ ಆ ಟೋಪಿ ಕಥೆ ತಪ್ತಿತ್ತು," ಎಂದಳು ಅವಳು.

ಹೊಸ ಪೈಪು ಹಾಕಿಸುವ ಖರ್ಚು ಡೆಲ್ಮರ್‌ನದು ಎಂದಾಯಿತು. ಅದರ ಮೇಲೆ ಲಂಗರು, ಎರಡು ಲೈಫ್ ಜಾಕೆಟ್ಟು, ಗಾಳಕ್ಕೆ ಚುಚ್ಚುವ ರಬ್ಬರ್ ಹುಳು ಒಂದು ಚೀಲ. ಚೀಲ ಬಿಚ್ಚಿ ನೋಡಿದರೆ ಹುಳುಗಳೆಲ್ಲ ಬಿಸಿಲಿಗೆ ಕರಗಿ, ಒಂದಕ್ಕೊಂದು ಅಂಟಿ, ನೂರು ಬಾಲದ ಒಂದೇ ಪ್ರಾಣಿಯಾಗಿದ್ದವು. ಹೋಯ್ಟ್ ಅದನ್ನೂ ಖುಷಿಯಿಂದ ತಂದ. ಯಾಕೆಂದರೆ ಅದು ಕೂಡ ಮಿಣುಗುತ್ತಿತ್ತು.

ಹೋಯ್ಟ್‌ನ ಅಕ್ಕ ಮೊಜೆಲ್ ಸರೋವರದ ದಡದಲ್ಲಿ ಗಾಳದ ಎರೆ ಮಾರುವ ಅಂಗಡಿ ಇಟ್ಟುಕೊಂಡಿದ್ದಳು. ಮೀನಿನ ಪಂದ್ಯಗಳಲ್ಲಿ ತಕ್ಕಡಿ ಹಿಡಿಯುವವಳೂ ಅವಳೇ. ಗಂಡ ಹೆಂಡತಿ ಒಂದೇ ದೋಣಿಯಲ್ಲಿ ಕೂತು ಆಡುವ ಪಂದ್ಯ ವಸಂತದಲ್ಲಿ ಒಂದು ಸಲ ನಡೆಯುತ್ತದೆ. ಊರಿನವರು ಅದನ್ನು ವಿಚ್ಛೇದನದ ಪಂದ್ಯ ಅಂತಲೇ ಕರೆಯುವುದು, ಮತ್ತು ಸುಮ್ಮನೆ ಕರೆಯುವುದಲ್ಲ. ಹೆಸರು ಬರೆಸಲು ಇಬ್ಬರೂ ಹೋದಾಗ ಹೋಯ್ಟ್ ಅಂಗಡಿ ತುಂಬ ಜನರೆದುರು ಬಾಯಿ ಹಾಕಿದ.

"ಅಕ್ಕಾ, ನೀನೇ ನ್ಯಾಯ ಹೇಳು. ಇವಳು ಮುಂದೆ ಕೂರ್ತಾಳಂತೆ. ಪೆಡಲ್ ಎಡಕ್ಕೆ ತುಳಿದ್ರೆ ಎಲ್ಲಿ ಹೋಗುತ್ತೆ ಅಂತ ಗೊತ್ತಿಲ್ಲ!"

"ಎಡಕ್ಕೇ ಹೋಗುತ್ತೆ ಕಣೋ, ಇನ್ನೆಲ್ಲಿಗೆ ಹೋಗುತ್ತೆ?" ಎಂದಳು ಮೊಜೆಲ್. "ಒಂದು ಕೆಲಸ ಮಾಡಿ. ಪಂದ್ಯದ ದಿನ ನೆಲ್ಡಾ ಮುಂದೆ. ಅವಳು ಒಂದೇ ಒಂದು ಸಹಾಯ ಬಾಯಿಬಿಟ್ಟು ಕೇಳಿದ್ಲೋ, ಸೀಟು ವಾಪಸ್ಸು ನಿಂದು, ಸಾಯೋವರೆಗೂ. ನೀನು ಒಂದೇ ಒಂದು ಬುದ್ಧಿಮಾತು ಹೇಳಿದ್ಯೋ, ಸೀಟು ಅವಳದು, ಅದೂ ಸಾಯೋವರೆಗೂ. ತಕ್ಕಡಿಗೆ ಮೀನು ಇಡೋವರೆಗೂ ಈ ಮಾತು. ಅಲ್ಲೀವರೆಗೂ ಯಾರೂ ಬಾಯಿ ಬಿಡದಿದ್ರೆ, ಯಾರು ದೊಡ್ಡ ಮೀನು ತಂದ್ರೋ ಅವರದು."

ಅಂಗಡಿಯೆಲ್ಲ ನಕ್ಕಿತು. ಹೋಯ್ಟ್ ಬಾಯಿಗೆ ಬೀಗ ಹಾಕಿದ ಹಾಗೆ ಬೆರಳು ತಿರುಗಿಸಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡಂತೆ ಮಾಡಿದ. ನೆಲ್ಡಾ ಕೂಡ ನಕ್ಕಳು. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಆ ಶರತ್ತನ್ನೇ ಮೆಲುಕು ಹಾಕಿದಳು. ಸಾಯುವವರೆಗೂ ಅಂದರೆ ತಮಾಷೆಯೇ? ಸೋತರೆ ಇನ್ನು ಕೇಳುವುದಕ್ಕೂ ಮುಖವಿರುವುದಿಲ್ಲ.

ಪಂದ್ಯದ ದಿನ ಬೆಳಿಗ್ಗೆ ಇಳಿಜಾರಿನಲ್ಲಿ ಹೋಯ್ಟ್‌ನ ಅವಸ್ಥೆ ನೋಡಬೇಕಿತ್ತು. ದೋಣಿಯ ತಳದಲ್ಲಿ ನೀರು ಬಸಿಯುವ ಒಂದು ತೂತಿರುತ್ತದೆ. ದೋಣಿ ನೀರಿಗಿಳಿಸುವ ಮುಂಚೆ ಅದಕ್ಕೆ ಬಿರಡೆ ಹಾಕಬೇಕು. ಮರೆತರೆ ಎಲ್ಲರ ಎದುರಿಗೇ ದೋಣಿ ಮುಳುಗುತ್ತದೆ. ಈ ಸರೋವರದಲ್ಲಿ ಒಂದಲ್ಲ ಒಂದು ಸಲ ಮರೆಯದವರು ಯಾರೂ ಇಲ್ಲ. ನೆಲ್ಡಾ ಪಿಕಪ್ ಹಿಂದಕ್ಕೆ ಬಿಡುತ್ತಿದ್ದಾಳೆ, ಬಿರಡೆಯ ಸುದ್ದಿಯೇ ಇಲ್ಲ. ಹೋಯ್ಟ್ ಕೆಮ್ಮಿದ. ಟೋಪಿ ತೆಗೆದು ಹಾಕಿಕೊಂಡ. ಬೆರಳಿನಿಂದ ಗಾಳಿಯಲ್ಲಿ ಒಂದು ತೂತು ಬರೆದು, ಇನ್ನೊಂದು ಬೆರಳಿನಿಂದ ಅದನ್ನು ಮುಚ್ಚಿದ. ಪಕ್ಕದ ದೋಣಿಯ ಹೆಂಗಸು ಅವನನ್ನು ಕೆಂಗಣ್ಣಿನಿಂದ ನೋಡಿದಳು. ಟ್ರೇಲರಿನ ಚಕ್ರ ನೀರು ಮುಟ್ಟಿದಾಗ ಅವನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ದೋಣಿ ತೇಲಿತು. ಮುಳುಗಲಿಲ್ಲ.

"ಮನೇಲೇ ಹಾಕಿದ್ದೆ," ಎಂದಳು ನೆಲ್ಡಾ, ಹಗ್ಗ ಸುತ್ತುತ್ತ. "ಏನೋ ಹೇಳ್ಬೇಕು ಅಂತಿದ್ಯಾ?"

ಹೋಯ್ಟ್ ತಲೆ ಅಲ್ಲಾಡಿಸಿದ.

ನೆಲ್ಡಾಗೆ ನಗು ಅಲ್ಲಿಗೇ ಮುಗಿಯಿತು. ಮುಂದಿನ ಸೀಟು ದೂರದಿಂದ ಕಂಡ ಹಾಗಿರಲಿಲ್ಲ. ಪೆಡಲ್ ಎಡಕ್ಕೆ ತುಳಿದರೆ ಮೂತಿ ಎಡಕ್ಕೆ ಹೋಗುತ್ತದೆ, ಸರಿ. ಆದರೆ ಅದೇ ಹೊತ್ತಿಗೆ ಗಾಳಿ ಬಾಲವನ್ನು ಬಲಕ್ಕೆ ತಳ್ಳುತ್ತದೆ, ಕೈಯಲ್ಲಿ ಗಾಳದ ಕೋಲಿದೆ, ಕಣ್ಣು ನೀರಿನ ಮೇಲಿರಬೇಕು, ಕಾಲು ತನ್ನ ಪಾಡಿಗೆ ತಾನು ಯೋಚಿಸಬೇಕು. ಮೊದಲ ಕೊಲ್ಲಿಯಲ್ಲೇ ಯಾರದೋ ದೋಣಿ ಕಟ್ಟೆಗೆ ಧಡ್ ಎಂದು ಗುದ್ದಿದಳು. ಎರಡನೆಯ ಕೊಲ್ಲಿಯಲ್ಲಿ ಬಾಗಿದ ಮರದ ಕೊಂಬೆ ಅವಳ ಟೋಪಿ ಕಿತ್ತುಕೊಂಡಿತು. ಆದರೂ ಪೆಡಲ್ ಬಿಡಲಿಲ್ಲ. ಮುಂದಿನವರು ಹೇಗೆ ಆಡಬೇಕೋ ಹಾಗೆಯೇ ಆಡಿದಳು. ಹೋಯ್ಟ್ ಎಸೆಯುವ ಗಲಗಲ ಮೀನನ್ನೇ ಕಟ್ಟಿದಳು. ಹೊಟ್ಟೆಯೊಳಗೆ ಗೋಲಿ ಇರುವ ಪ್ಲಾಸ್ಟಿಕ್ ಮೀನು ಅದು. ದೂರಕ್ಕೆ ಎಸೆದು ರಭಸದಿಂದ ಸುತ್ತಿ ಎಳೆಯಬೇಕು, ಜೊಂಡಿಗೆ ಸಿಕ್ಕಿದರೆ ಜಗ್ಗಿ ಕೀಳಬೇಕು. ಎಸೆ, ಎಳೆ, ತುಳಿ, ಮುಂದೆ ಹೋಗು. ದಡ ಸರಸರನೆ ಹಿಂದೆ ಸರಿಯಿತು. ಮೀನು ತೊಟ್ಟಿಯಲ್ಲಿ ಬರೀ ನೀರು ಗುಳುಗುಳು ಅನ್ನುತ್ತಿತ್ತು. ಪಂದ್ಯಕ್ಕೆ ಐದು ಮೀನು ಬೇಕು, ಜೀವಂತವಾಗಿ. ಬಿಸಿಲು ಏರಿದರೂ ಒಂದೂ ಬಂದಿರಲಿಲ್ಲ.

ಹಿಂದೆ ಕೂತ ಹೋಯ್ಟ್‌ಗೂ ಸುಖವಿರಲಿಲ್ಲ. ಅವನು ಎಸೆಯುವ ಹೊತ್ತಿಗೆ ದೋಣಿ ಮುಂದೆ ಹೋಗಿಬಿಡುತ್ತಿತ್ತು. ಒಂದು ಸಲ ಅವನ ದಾರ ಅವಳ ದಾರಕ್ಕೆ ಸುತ್ತಿಕೊಂಡಿತು, ಇನ್ನೊಂದು ಸಲ ಅವಳು ಎಬ್ಬಿಸಿದ ನೀರು ಅವನ ಮಡಿಲಿಗೆ ಬಿತ್ತು. ಅವನು ತುಟಿ ಕಚ್ಚಿಕೊಂಡಿದ್ದ. ಬಾಯಿಯವರೆಗೆ ಬಂದ ಮಾತನ್ನು ನುಂಗಿ ನುಂಗಿ ಅವನ ಗಂಟಲಮಣಿ ಮೇಲೆ ಕೆಳಗೆ ಆಡುತ್ತಿತ್ತು.

ಚೀಸ್ ಹಚ್ಚಿದ ಬ್ರೆಡ್ಡು ತಿನ್ನಲು ನಿಂತಾಗ ನೆಲ್ಡಾಗೆ ಅಳುವೇ ಬಂದಿತ್ತು. ಒಂದು ಮಾತು ಕೇಳಿಬಿಟ್ಟರೆ ಮುಗಿಯಿತು, ಹೋಯ್ಟ್ ಸರೋವರದ ಒಂದೊಂದು ಮೂಲೆಯನ್ನೂ ಬಲ್ಲವನು. ಬ್ರೆಡ್ಡು ಅಗಿಯುತ್ತ ಅವಳು ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿ, ದೋಣಿ ಆಗಲೇ ದಾಟಿ ಬಂದಿದ್ದ ನೀರನ್ನು ನೋಡಿದಳು. ಇಷ್ಟು ವರ್ಷ ಅವಳು ನೋಡಿದ್ದು ಆ ನೀರನ್ನೇ. ಅಲ್ಲಿ ಜೊಂಡಿನ ಅಂಚಿನಲ್ಲಿ ಒಂದೇ ಒಂದು ಎಸಳು ನಡುಗಿತು. ಗಾಳಿಯಿಲ್ಲದ ಕಡೆ ಎಸಳು ಯಾಕೆ ನಡುಗುತ್ತದೆ? ಕೆಳಗೆ ಯಾರೋ ಮೈ ತಿಕ್ಕಿಕೊಂಡು ಹೋದರೆ ಮಾತ್ರ.

ಅಯ್ಯೋ ಮಂಕೇ, ಎಂದು ಅವಳು ತನ್ನನ್ನೇ ಬೈದುಕೊಂಡಳು. ಇಷ್ಟು ವರ್ಷ ಅವಳು ಹಿಡಿದ ಮೀನೆಲ್ಲ ಹೋಯ್ಟ್ ಓಡಿ ದಾಟಿದ ನೀರಿನಲ್ಲೇ ಇದ್ದವು. ಅವಳ ಗೋಳು ಒಂದೇ ಆಗಿತ್ತು: ಅವನು ನಿಲ್ಲುವುದಿಲ್ಲ, ಇನ್ನೊಂದು ಚೂರು ನಿಂತಿದ್ದರೆ ಇನ್ನೆರಡು ಹಿಡಿಯುತ್ತಿದ್ದೆ, ಎಂದು. ಈಗ ಪೆಡಲ್ ಕೈಗೆ, ಅಲ್ಲ ಕಾಲಿಗೆ ಸಿಕ್ಕ ಮೇಲೆ ಅವಳು ಮಾಡಿದ್ದೇನು? ಹೋಯ್ಟ್‌ಗಿಂತ ಜೋರಾಗಿ ಓಡಿದ್ದು! ಮುಂದೆ ಕೂತವರು ಓಡಲೇಬೇಕು ಎಂದು ಯಾರಾದರೂ ಹೇಳಿದ್ದರೇ?

ದೋಣಿಯನ್ನು ಹಿಂದಕ್ಕೆ ತಿರುಗಿಸಿ, ಆ ಜೊಂಡಿನ ಅಂಚಿಗೆ ಬಂದು, ಲಂಗರನ್ನು ಸದ್ದಾಗದ ಹಾಗೆ ಇಳಿಸಿದಳು. ಪೆಡಲ್ ಮೇಲಿಂದ ಕಾಲು ತೆಗೆದಳು.

ನಿಂತ ದೋಣಿಯಲ್ಲಿ ಕೂರುವುದೆಂದರೆ ಹೋಯ್ಟ್‌ಗೆ ಇರುವೆ ಗೂಡಿನ ಮೇಲೆ ಕೂತ ಹಾಗೆ. ಅವನು ಅತ್ತಿತ್ತ ಹೊರಳಿದ, ನಿಟ್ಟುಸಿರು ಬಿಟ್ಟ. ನೆಲ್ಡಾ ಗಲಗಲ ಮೀನನ್ನು ಬಿಚ್ಚಿ ಡಬ್ಬಿಗೆ ಹಾಕಿ, ತನ್ನ ಕಪ್ಪು ರಬ್ಬರ್ ಹಲ್ಲಿಯನ್ನು ತೆಗೆದಳು. ದಾರಕ್ಕೆ ಸೀಸದ ಗುಂಡು ಪೋಣಿಸಿ, ಗಾಳದ ಮೊನೆಯನ್ನು ಹಲ್ಲಿಯ ಮೈಯೊಳಗೇ ಹುದುಗಿಸಿದಳು, ಜೊಂಡಿಗೆ ಸಿಕ್ಕಬಾರದಲ್ಲ. ವಸಂತದಲ್ಲಿ ಬ್ಯಾಸ್ ಮೀನು ಮೊಟ್ಟೆಯಿಡಲು ದಡಕ್ಕೆ ಬರುತ್ತದೆ. ಮೊಟ್ಟೆ ತಿನ್ನುವ ನೀರುಹಲ್ಲಿಯ ಜಾತಿ ಕಂಡರೆ ಅದಕ್ಕೆ ಆಗದು. ಹಸಿವಿಲ್ಲದಿದ್ದರೂ ಸಿಟ್ಟಿಗೆ ಕಚ್ಚುತ್ತದೆ. ಎಸೆದಳು. ಹಲ್ಲಿ ತಳ ಮುಟ್ಟಲು ಬಿಟ್ಟಳು. ಸುಮ್ಮನಿದ್ದಳು. ಕೂದಲೆಳೆಯಷ್ಟು ಎಳೆದಳು. ಮತ್ತೆ ಸುಮ್ಮನಿದ್ದಳು.

ಟಕ್, ಟಕ್.

ಮೊದಲನೆಯದು ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಇನ್ನೆರಡು. ಮೀನು ತೊಟ್ಟಿಯ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ನೆಲ್ಡಾಳ ತೋಳೆಲ್ಲ ಒದ್ದೆಯಾಯಿತು. ಹೋಯ್ಟ್ ಮೂಕನಾಗಿ ನೋಡುತ್ತಿದ್ದ. ಕೊನೆಗೆ ತಡೆಯಲಾರದೆ ಬಾಯಿ ತೆರೆದ.

"ನೆಲ್ಡಾ... ಆ ಹಲ್ಲಿ ಒಂದು ಕೊಡ್ತೀಯಾ?"

ಇದು ಬುದ್ಧಿಮಾತಲ್ಲ. ಕೇಳಬಾರದು ಎಂಬ ಶರತ್ತು ಅವಳಿಗಿತ್ತೇ ಹೊರತು ಅವನಿಗಿರಲಿಲ್ಲ. ಅವಳು ಒಂದು ಹಲ್ಲಿಯನ್ನು ಅವನ ಕಡೆಗೆ ಎಸೆದಳು.

"ಎಳೀಬೇಡ. ಅದರ ಪಾಡಿಗೆ ಬಿಡು."

"ಎಷ್ಟು ಹೊತ್ತು?"

"ಬೇಜಾರಾಗೋವರೆಗೂ. ಬೇಜಾರಾದ್ಮೇಲೆ ಇನ್ನೂ ಸ್ವಲ್ಪ."

ಹೋಯ್ಟ್ ಎಸೆದು, ಕಣ್ಣು ಮುಚ್ಚಿ, ದೇವರ ಪ್ರಾರ್ಥನೆಗೆ ಕೂತವನ ಹಾಗೆ ಕೂತ. ಐದನೆಯ ಮೀನು ಅವನದಾಯಿತು. ಅಂಥಾ ದೊಡ್ಡದೇನಲ್ಲ, ಆದರೆ ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಮೊಮ್ಮಗುವನ್ನು ನೋಡಿದ ಹಾಗೆ ನೋಡಿದ. "ಕಚ್ಚಿದ್ದು ಗೊತ್ತೇ ಆಗ್ಲಿಲ್ಲ ಕಣೇ! ಮೆತ್ತಗೆ, ಯಾರೋ ಬಾಗಿಲು ತಟ್ಟಿದ ಹಾಗೆ!" ಅಂದ.

ಹಿಂದಿರುಗುವ ಹೊತ್ತಾಗುತ್ತಿತ್ತು. ನೆಲ್ಡಾ ಕೊನೆಯ ಸಲ ಎಂದು ಜೊಂಡಿನ ಒಂದು ಸಂದಿಗೆ ಎಸೆದಳು. ಟಕ್ ಎನ್ನಲಿಲ್ಲ. ದಾರ ಸುಮ್ಮನೆ ಒಂದು ಪಕ್ಕಕ್ಕೆ ನಡೆಯತೊಡಗಿತು. ಅವಳು ಕೋಲು ಇಳಿಸಿ, ಸಡಿಲ ದಾರ ಸುತ್ತಿ, ಮೈಯೆಲ್ಲ ಬಿಲ್ಲಾಗಿ ಜಗ್ಗಿದಳು. ಕೋಲು ಬಾಗಿ ಮೇಲಕ್ಕೇ ಏಳಲಿಲ್ಲ. ಆಮೇಲೆ ನೀರು ಒಡೆಯಿತು. ಬಕೆಟ್ಟು ಹಿಡಿಸುವಷ್ಟು ಬಾಯಿ ತೆರೆದ ಮೀನೊಂದು ಪೂರ್ತಿ ಮೇಲೆದ್ದು ತಲೆ ಕೊಡವಿತು. ಮೀನು ಹಾರಿದಾಗ ಕೋಲು ಎತ್ತಿ ಹಿಡಿದಿದ್ದರೆ ಕೊಡವಿದ ರಭಸಕ್ಕೆ ಗಾಳ ಕಳಚಿಕೊಳ್ಳುತ್ತದೆ.

"ಕೋಲು ಕೆಳಗೆ! ಕೆಳಗೆ ಇಳ್ಸೇ!" ಎಂದು ಹೋಯ್ಟ್ ಸರೋವರ ಹಾರಿಹೋಗುವಂತೆ ಕಿರುಚಿದ.

ಕೂಗು ಮುಗಿಯುವ ಮೊದಲೇ ಅವಳ ಕೋಲು ಕೆಳಗಿತ್ತು. ಹೋಯ್ಟ್ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಬೆರಳುಗಳ ಮೇಲೆ ಅವನ ಕಣ್ಣು ಬೆಪ್ಪಾಗಿ ಅರಳಿದವು. ನೆಲ್ಡಾಗೆ ನಗು ಬಂದು ಗಾಳದಲ್ಲಿದ್ದ ಮೀನೇ ತಪ್ಪಿಹೋಗುವುದರಲ್ಲಿತ್ತು.

"ನೀನು ಸೋತೆ ಕಣೋ!"

"ಸೋತ್ರೆ ಸೋತೆ, ಹಾಳಾಗ್ಲಿ, ಮೀನು ನೋಡು! ಮೋಟರ್ ಕಡೆ ಹೋಗ್ತಿದೆ!" ಇನ್ನೇನು ಭಯ, ಬೀಗ ಒಡೆದಿತ್ತಲ್ಲ. ಇಡೀ ದಿನ ಕಟ್ಟಿಟ್ಟ ಮಾತೆಲ್ಲ ಒಟ್ಟಿಗೇ ಹೊರಗೆ ಬಂತು. "ಎಡಕ್ಕೆ! ಸಡಿಲ ಬಿಡು! ಆಹಾ, ಹಾಗೆ! ಅಬ್ಬಬ್ಬಾ, ಅದರ ಹೊಟ್ಟೆ ನೋಡೇ!"

ಅವನು ಕೈಬಲೆ ಹಿಡಿದು ದೋಣಿಯ ಅಂಚಿನಲ್ಲಿ ಹೊಟ್ಟೆ ಮೇಲೆ ಮಲಗಿದ. ಪಾಪ, ಜನ್ಮದಲ್ಲಿ ಬಲೆ ಹಿಡಿದವನಲ್ಲ. ಮೀನಿನ ಬಾಲದ ಕಡೆಯಿಂದ ಬಲೆ ತಳ್ಳಲು ಹೊರಟ. ಬಾಲಕ್ಕೆ ಬಲೆ ತಗುಲಿದರೆ ಅದು ಮುಂದಕ್ಕೆ ಹಾರಿ ಹೋಗುವುದೇ.

"ತಲೆ ಕಡೆಯಿಂದ ಕಣೋ, ತಲೆ ಕಡೆಯಿಂದ!" ಈಗ ನೆಲ್ಡಾ ಕಿರುಚಿದಳು. "ಬಲೆ ನೀರಲ್ಲಿ ಸುಮ್ನೆ ಹಿಡಿ, ನಾನು ಅದನ್ನ ಒಳಗೆ ತರ್ತೀನಿ!"

ಹೋಯ್ಟ್ ಸುಮ್ಮನೆ ಹಿಡಿದ. ಅವಳು ತಂದಳು. ಬಲೆ ಮೇಲೆ ಬಂದಾಗ ಅದರ ಕೋಲು ಬಾಗಿತ್ತು. ಇಬ್ಬರೂ ದೋಣಿಯ ಕಂಬಳಿಯ ಮೇಲೆ ಕುಸಿದು ಕೂತು, ನಡುವೆ ಬಲೆಯೊಳಗೆ ಮೀನು ಕಿವಿರು ಆಡಿಸುವುದನ್ನು ನೋಡುತ್ತ ಏದುಸಿರು ಬಿಟ್ಟರು.

ತಕ್ಕಡಿಯಲ್ಲಿ ಆ ಮೀನೇ ಅವತ್ತಿನ ಎಲ್ಲರ ಮೀನಿಗಿಂತ ದೊಡ್ಡದಾಯಿತು. ಹಿಡಿದದ್ದರಲ್ಲಿ ಚಿಕ್ಕದೊಂದನ್ನು ಮೊದಲೇ ನೀರಿಗೆ ಬಿಟ್ಟಿದ್ದರು; ಉಳಿದ ಐದೂ ಸೇರಿದ ತೂಕದಲ್ಲಿ ಪಾದ್ರಿ ದಂಪತಿ ಒಂದು ಕೂದಲಷ್ಟು ಮುಂದೆ ಹೋಗಿ ಮೊದಲ ಬಹುಮಾನ ಹೊಡೆದರು. ಇವರಿಗೆ ಎರಡನೆಯದು, ಹೊಗೆಯಲ್ಲಿ ಬೇಯಿಸಿದ ಒಂದು ಇಡೀ ಹಂದಿತೊಡೆ. ಮೊಜೆಲ್ ಮೀನುಗಳನ್ನು ಮತ್ತೆ ನೀರಿಗೆ ಬಿಡಲು ಕಳಿಸಿ, ಕೈ ಒರೆಸಿಕೊಂಡು, ಜನರೆಲ್ಲ ಕೇಳುವಂತೆ ಕೇಳಿದಳು, "ಆಯ್ತು, ಈಗ ಹೇಳಿ. ಯಾರು ಬಾಯಿ ಬಿಟ್ಟಿದ್ದು?"

ದೋಣಿಯಲ್ಲಿ ಇಬ್ಬರೇ ಇದ್ದದ್ದು, ಹೋಯ್ಟ್ ಇಲ್ಲವೆಂದರೆ ಇಲ್ಲ. ಅವಳು ಅವನ ಮುಖ ನೋಡಿದಳು.

"ನಾನೇ," ಅಂದ ಹೋಯ್ಟ್. "ಆದ್ರೆ ಅಕ್ಕಾ, ಬಾಯಿ ಬಿಡದಿದ್ರೂ ನಾನು ಸೋತ ಹಾಗೇ. ನಾನು ದಾಟಿ ಹೋದ ನೀರಲ್ಲಿ ಇವಳು ಇಷ್ಟು ವರ್ಷ ಮೀನು ಹಿಡಿದಳು. ಅದೃಷ್ಟ ಅಂದ್ಕೊಂಡಿದ್ದೆ. ಇವತ್ತು ಒಂದು ದಿನ ಹಿಂದೆ ಕೂತು ನೋಡಿದೆ. ನನ್ನ ಕೈಲಿ ಆಗಲ್ಲಪ್ಪ ಅದು."

"ನಿನ್ನ ಬಾಯಿ ಅಷ್ಟು ಹೊತ್ತು ಮುಚ್ಚಿತ್ತಲ್ಲ, ಅದೇ ಪವಾಡ," ಎಂದಳು ಮೊಜೆಲ್.

ಸಂಜೆ ಮನೆಯ ಮುಂದೆ ಇಬ್ಬರೂ ದೋಣಿ ತೊಳೆಯುತ್ತಿದ್ದರು. ಹೋಯ್ಟ್ ಕೆಂಪು ಮಿಂಚನ್ನು ಬಟ್ಟೆಯಿಂದ ತಿಕ್ಕುತ್ತಿದ್ದ. ಅವನ ಕತ್ತು ಅವತ್ತು ಎಂದಿಗಿಂತ ಹೆಚ್ಚು ಸುಟ್ಟಿತ್ತು. ಮಚ್ಚೆ ಕೂಡ ಕೆಂಪಾಗಿತ್ತು. ನೆಲ್ಡಾಗೆ ಅಯ್ಯೋ ಅನಿಸಿತು. ಗೆದ್ದ ಸಂತೋಷ ಎದೆತುಂಬ ಇತ್ತು, ಸುಳ್ಳು ಯಾಕೆ ಹೇಳಬೇಕು, ಆದರೆ ಅವನನ್ನು ಸಾಯುವವರೆಗೂ ಹಿಂದೆ ಕೂರಿಸಲು ಮನಸ್ಸು ಬರಲಿಲ್ಲ.

"ಮುಂದಿನ ವಾರ ಅರ್ಧ ದಿನ ನೀನು ಮುಂದೆ ಕೂತ್ಕೋ ಬೇಕಾದ್ರೆ," ಎಂದಳು. "ಮೊಜೆಲ್‌ಗೆ ಹೇಳೋದೇನೂ ಬೇಡ."

ಹೋಯ್ಟ್ ತಿಕ್ಕುವುದನ್ನು ನಿಲ್ಲಿಸಿದ.

"ಬೇಡ."

"ಕೋಪಾನಾ?"

"ಕೋಪ ಯಾಕೆ?" ಅವನು ಬಟ್ಟೆಯನ್ನು ಹಿಂಡಿದ, ಮತ್ತೆ ಹಿಂಡಿದ, ಅದರಲ್ಲಿ ನೀರು ಉಳಿದಿರಲಿಲ್ಲ. "ಮೀನು ಕಚ್ಚಿದಾಗ ನೀನು ಎಡಗಾಲು ಎತ್ತಿ ನಿಂತ್ಕೋತೀಯ. ಕೊಕ್ಕರೆ ಥರ. ಗೊತ್ತಾ ನಿಂಗೆ?"

"ಸುಳ್ಳು!"

"ಪ್ರತಿ ಸಲ. ಇವತ್ತು ಅಷ್ಟೂ ಮೀನಿಗೂ. ಇಷ್ಟು ದಿನ ನೀನು ಮೀನು ಬಂತು ಅಂತ ಕೂಗಿದ್ಮೇಲೆ ಅಲ್ವಾ ನಾನು ತಿರುಗಿ ನೋಡ್ತಿದ್ದಿದ್ದು, ಅಷ್ಟೊತ್ತಿಗೆ ಕಾಲು ಕೆಳಗೆ ಇರ್ತಿತ್ತು." ಅವನು ಮೂಗು ಉಜ್ಜಿಕೊಂಡ. "ಇಷ್ಟು ವರ್ಷ ಒಂದೇ ದೋಣಿಲಿ ಕೂತಿದ್ದೆ ನೆಲ್ಡಾ, ನೀನು ಮೀನು ಹಿಡಿಯೋದನ್ನ ಇವತ್ತೇ ನೋಡಿದ್ದು ನಾನು. ನಾನು ಹಿಂದೇನೇ ಕೂತ್ಕೋತೀನಿ."

ನೆಲ್ಡಾ ನೀರಿನ ಪೈಪು ಹಿಡಿದು ನಿಂತಳು. ನೀರು ಸುಮ್ಮನೆ ಹುಲ್ಲಿನ ಮೇಲೆ ಹರಿಯುತ್ತಿತ್ತು. ಹೋಯ್ಟ್ ದೋಣಿ ಹತ್ತಿ, ಮುಂದಿನ ಸೀಟಿನ ಪಕ್ಕ ನಿಂತು, ಇಲ್ಲದ ಕೋಲನ್ನು ಎರಡೂ ಕೈಯಲ್ಲಿ ಜಗ್ಗುತ್ತ, ಎಡಗಾಲು ಎತ್ತಿ, ಕುಂಟುತ್ತ ತೋರಿಸಿದ. ಅವಳು ನಗುತ್ತ, ಕಣ್ಣೊರೆಸಿಕೊಳ್ಳುತ್ತ, ಪೈಪನ್ನು ಅವನ ಕಡೆಗೇ ತಿರುಗಿಸಿದಳು.